ಗಣಿತಲೋಕದ ಕಂಠಾಭರಣ: ಮಹಾವೀರಾಚಾರ್ಯರು

ಕನ್ನಡ ನಾಡು ಕವಿಗಳಿಂದ ಹೇಗೋ ಹಾಗೆಯೇ ಗಣಿತಜ್ಞರಿಂದಲೂ ಕೀರ್ತಿವೆತ್ತ ನಾಡು. ಅಂಥವರಲ್ಲಿ ಅಗ್ರಗಣ್ಯರು ಮಹಾವೀರಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು (ಕ್ರಿ.ಶ. ೮೧೪–೮೭೮) ಮಾನ್ಯಖೇಟದಲ್ಲಿ ರಾಜ್ಯವಾಳುತ್ತಿದ್ದಾಗ, ‘ಕವಿರಾಜಮಾರ್ಗ’ವು ಅವತರಿಸಿದ ಆ ಕಾಲದಲ್ಲಿಯೇ, ಈ ಜೈನಾಚಾರ್ಯರು ಬಾಳಿದರು. ತಮ್ಮ ಗ್ರಂಥದಲ್ಲಿ ಅವರು ದೊರೆಯನ್ನು ಕೊಂಡಾಡಿದರು, ಗಣಿತವನ್ನು ಕೊಂಡಾಡಿದರು. ತಮ್ಮ ಕುಲ, ಊರುಗಳ ಮಾತನ್ನೆತ್ತಲಿಲ್ಲ. ಅವರ ಕೃತಿಯೇ ಅವರ ಚರಿತ್ರೆ.

ಸುಮಾರು ಕ್ರಿ.ಶ. ೮೫೦ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಆ ಕೃತಿ ‘ಗಣಿತಸಾರಸಂಗ್ರಹ’. ಜ್ಯೋತಿಷದ ಅಂಗವಾಗಿರದೆ ಗಣಿತಕ್ಕೇ ಮೀಸಲಾದ ಗ್ರಂಥವಿದು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಅಗೆದ ಮಣ್ಣಿನ ಅಳತೆ ಎಲ್ಲವೂ ಇಲ್ಲುಂಟು. ಕಡೂರು ಸೀಮೆಯ ಮದಗದ ಕೆರೆಯಂತಹ ಕೆರೆಯನ್ನು ತೋಡುವವರಿಗೂ, ತರೀಕೆರೆಯಲ್ಲಿ ಅಡಕೆ ತೂಗುವವರಿಗೂ, ಅಜ್ಜಂಪುರದ ಸಂತೆಯಲ್ಲಿ ವ್ಯಾಪಾರ ಮಾಡುವವರಿಗೂ ಬೇಕಾದ ಲೆಕ್ಕಗಳೇ ಇವು.

ಆದರೆ ಲೆಕ್ಕವು ಕೇವಲ ಉಪಯೋಗಕ್ಕಲ್ಲ, ಆನಂದಕ್ಕೂ ಉಂಟೆಂಬುದನ್ನು ಆಚಾರ್ಯರು ಬಲ್ಲರು. ಇಪ್ಪತ್ತನಾಲ್ಕು ಸ್ಥಾನಗಳವರೆಗೆ ಸಂಖ್ಯೆಗಳಿಗೆ ಹೆಸರಿತ್ತ ಅವರು, ಗುಣಾಕಾರದ ಅಭ್ಯಾಸಕ್ಕೆಂದು ವಿಚಿತ್ರವಾದ ಅಂಕಮಾಲೆಗಳನ್ನು ಪೋಣಿಸಿದರು. ಅಂತಹ ಕೆಲವನ್ನು ರಾಜರ ಕಂಠಾಭರಣವೆಂದೇ ಕರೆದರು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಬರುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಯಾವ ತುದಿಯಿಂದ ಓದಿದರೂ ಒಂದೇ. ಇದರ ಮರ್ಮವೂ ಸೊಗಸಾದುದು: ೪೪೧ ಎಂಬುದು ೨೧ರ ವರ್ಗ, ೨೭೯೯೪೬೮೧ ಎಂಬುದು ೫೨೯೧ರ ವರ್ಗ, ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಆದುದರಿಂದ ಆ ಮಾಲೆಯು ಆರು ಒಂದುಗಳ ವರ್ಗವೇ ಆಗಿದೆ. ಹಾಗೆಯೇ ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಮಗ್ಗಿಗೆ ಅಂಜುವ ಬಾಲಕನೂ ಈ ಚೆಲುವನ್ನು ಕಂಡರೆ ಅಂಜಿಕೆಯನ್ನು ಮರೆತಾನು.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂದು ಆಚಾರ್ಯರು ಬರೆದುದು ಸರಿಯಲ್ಲ. ಹಿರಿಯರ ತಪ್ಪನ್ನು ತಿದ್ದಿಕೊಳ್ಳುವುದು ಅವರಿಗೆ ಅಗೌರವವೂ ಅಲ್ಲ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಕಾರಣಸಹಿತವಾಗಿ ತಿಳಿಸಿದವರೂ ಅವರೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ೨೦೦೦ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು.

ಕ್ರಿ.ಶ. ೯೭೨ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು; ರಾಷ್ಟ್ರಕೂಟರ ಸಿರಿ ಅಳಿಯಿತು. ಆ ದೊರೆಯ ಆಶ್ರಯದ ಕಾಲದಲ್ಲಿ ಪೋಣಿಸಿದ ಅಂಕಮಾಲೆಯ ಒಂದು ಮಣಿಯೂ ಉದುರಲಿಲ್ಲ. ವಿದ್ಯೆಗೆ ಇತ್ತುದು ಉಳಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.