ಥೋರಿಯಂ ನಂಬಿದ ಹೋಮಿ ಭಾಭಾ

ರಜೆಗೆ ಅಂತ ಊರಿಗೆ ಹೋದವರಿಗೆ ವಾಪಸ್ ಬರೋ ದಾರಿಯೇ ಮುಚ್ಚಿಹೋದರೆ? ಹೋಮಿ ಜಹಾಂಗೀರ್ ಭಾಭಾ ಅವರಿಗೆ ಆಗಿದ್ದು ಅದೇ.

1909ರ ಅಕ್ಟೋಬರ್ 30ರಂದು ಮುಂಬೈನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಅವರು, ಮನೆಯವರ ಇಚ್ಛೆಯಂತೆ ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಮನಸ್ಸು ಮಾತ್ರ ಭೌತಶಾಸ್ತ್ರದ ಮೇಲೆ. ಅಪ್ಪನನ್ನು ಒಪ್ಪಿಸಿ ಅದನ್ನೇ ಹಿಡಿದರು, ಕಾಸ್ಮಿಕ್ ಕಿರಣಗಳ ಸಂಶೋಧನೆಯಲ್ಲಿ ಹೆಸರು ಮಾಡಿದರು. 1939ರಲ್ಲಿ ರಜೆಗೆ ಬಂದಿದ್ದಾಗ ಮಹಾಯುದ್ಧ ಶುರುವಾಯಿತು. ಆಗ ಜಾಗ ಕೊಟ್ಟಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗ. ಇಲ್ಲೇ ಉಳಿದು ಕೆಲಸ ಮಾಡಬೇಕು ಅನ್ನೋ ನಿರ್ಧಾರ ಗಟ್ಟಿಯಾಗಿದ್ದೂ ಆ ವರ್ಷಗಳಲ್ಲೇ. 1945ರಲ್ಲಿ ಅವರು ಕಟ್ಟಿದ ಟಿಐಎಫ್ಆರ್ ಮೊದಲು ಶುರುವಾಗಿದ್ದೂ ಬೆಂಗಳೂರಲ್ಲಿ, ಆಮೇಲೆ ಮುಂಬೈಗೆ ಹೋಯಿತು.

1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದಾಗ ಅವರ ಮುಂದಿದ್ದ ಲೆಕ್ಕ ಸರಳ. ದೇಶದಲ್ಲಿ ಯುರೇನಿಯಂ ಕಡಿಮೆ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನ ಮೊನಜೈಟ್‌ನಲ್ಲಿ ಥೋರಿಯಂ ಬೇಕಾದಷ್ಟು. ಆದರೆ ಥೋರಿಯಂ ಹಸಿ ಸೌದೆ ಇದ್ದ ಹಾಗೆ; ತಾನಾಗಿ ಹೊತ್ತಿಕೊಳ್ಳಲ್ಲ. ನ್ಯೂಟ್ರಾನ್ ಹೀರಿಕೊಂಡು ಯುರೇನಿಯಂ-233 ಆದಮೇಲೇ ಉರಿಯೋದು. ಅದಕ್ಕೇ 1954ರಲ್ಲಿ ಭಾಭಾ ಮೂರು ಹಂತದ ಯೋಜನೆ ಮುಂದಿಟ್ಟರು. ಮೊದಲು ನೈಸರ್ಗಿಕ ಯುರೇನಿಯಂ ಉರಿಸಿ ಪ್ಲುಟೋನಿಯಂ ಪಡೆಯೋದು. ಎರಡನೆಯದು, ಆ ಪ್ಲುಟೋನಿಯಂ ಬಳಸಿ, ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸೋ ಬ್ರೀಡರ್ ರಿಯಾಕ್ಟರ್. ಥೋರಿಯಂ ಯುರೇನಿಯಂ-233 ಆಗೋದೂ ಅಲ್ಲೇ. ಮೂರನೆಯದರಲ್ಲಿ ಥೋರಿಯಂನದ್ದೇ ರಾಜ್ಯ.

1956ರಲ್ಲಿ ಟ್ರಾಂಬೆಯಲ್ಲಿ ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಕೆಲಸ ಶುರುಮಾಡಿತು. ಆದರೆ 1966ರ ಜನವರಿ 24ರಂದು ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತಕ್ಕೆ ಏರ್ ಇಂಡಿಯಾ ವಿಮಾನ ಅಪ್ಪಳಿಸಿ ಭಾಭಾ ತೀರಿಕೊಂಡರು. ವಯಸ್ಸು ಬರೀ 56. ತಾರಾಪುರದಿಂದ ವಿದ್ಯುತ್ ಬಂದಿದ್ದು 1969ರಲ್ಲಿ; ಅದನ್ನು ನೋಡೋಕೆ ಅವರಿರಲಿಲ್ಲ.

ನಮ್ಮ ಕೈಗಾದ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಆ ಯೋಜನೆಯ ಮೊದಲ ಹಂತದವು. ಕಲ್ಪಾಕಂನ 500 ಮೆಗಾವ್ಯಾಟ್ ಬ್ರೀಡರ್ ಎರಡನೆಯದರ ಹೆಜ್ಜೆ. ಯುರೇನಿಯಂ-233ರಿಂದ ನಡೆಯೋ ಪುಟ್ಟ ಕಾಮಿನಿ ಸಂಶೋಧನಾ ರಿಯಾಕ್ಟರ್ ಕೂಡ ಅಲ್ಲೇ ಇದೆ. 70 ವರ್ಷ ದಾಟಿದರೂ ಮೂರನೇ ಹಂತ ಇನ್ನೂ ದೂರ. ಇಷ್ಟು ನಿಧಾನ ಆದರೆ ಏನು ಪ್ರಯೋಜನ ಅಂತ ಕೇಳೋದು ತಪ್ಪಲ್ಲ, ಅದರಲ್ಲೂ ಸೋಲಾರ್ ಅಗ್ಗವಾಗಿರುವ ಈ ಕಾಲದಲ್ಲಿ. ಆದರೆ ಇಲ್ಲಿ ಒಂದು ಮೆಟ್ಟಿಲು ಹಾರಿ ಹೋಗೋ ಹಾಗಿಲ್ಲ. ಮುಂದಿನ ಹಂತದ ಇಂಧನ ಹಿಂದಿನದರಲ್ಲೇ ತಯಾರಾಗಬೇಕು. ಮುಗಿಯೋದನ್ನು ತಾನು ನೋಡಲಾರೆ ಅಂತ ಗೊತ್ತಿದ್ದೂ ಶುರುಮಾಡಬೇಕಾದ ಕೆಲಸ ಇದು. ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಯೋಚಿಸೋ ನಮಗೆ ಭಾಭಾ ಇಷ್ಟವಾಗೋದು ಇದಕ್ಕೇ.