ಗಾಳಿಯನ್ನು ಸೋಸಿದ ಮಾರಿಸ್ ಟ್ರ್ಯಾವರ್ಸ್

ಪೀಣ್ಯದ ಷೆಡ್ಡುಗಳಲ್ಲಿ ಉಕ್ಕು ಬೆಸೆಯುವ ನಮ್ಮ ಮನೆಯ ಹುಡುಗರಿಗೆ ಆರ್ಗಾನ್ ಸಿಲಿಂಡರು ದಿನನಿತ್ಯದ ಒಡನಾಡಿ. ಆ ಅನಿಲದ ಮೂವರು ಸೋದರರನ್ನು ಪತ್ತೆಹಚ್ಚಿದ ಇಬ್ಬರಲ್ಲಿ ಒಬ್ಬರು, ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಅವರೇ ಮಾರಿಸ್ ವಿಲಿಯಂ ಟ್ರ್ಯಾವರ್ಸ್.

1872ರ ಜನವರಿ 24ರಂದು ಲಂಡನ್ನಿನಲ್ಲಿ ಜನಿಸಿದ ಅವರು, ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರ್‍ಯಾಮ್ಸೆಯವರ ಸಹಾಯಕರಾದರು. ಗಾಳಿಯನ್ನು ಹಿಂದಿನವರು ಒಂದೇ ಮೂಲವಸ್ತುವೆಂದು ಎಣಿಸಿದ್ದರಷ್ಟೆ. ನೀರು ಶುದ್ಧ ವಸ್ತು, ಆದರೆ ಎರಡು ಧಾತುಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿಕೊಂಡ ಸಂಯುಕ್ತ. ಗಾಳಿ ಹಾಗಲ್ಲ, ಅದು ಬರಿಯ ಮಿಶ್ರಣ. ಅದರ ಒಂದೊಂದು ಭಾಗವೂ ತನ್ನದೇ ಉಷ್ಣತೆಯಲ್ಲಿ ಕುದಿಯುತ್ತದೆ. ಈ ಭೇದವೇ ಟ್ರ್ಯಾವರ್ಸರ ಸಾಧನವಾಯಿತು.

1894ರಲ್ಲಿ ರ್‍ಯಾಲೆ ಮತ್ತು ರ್‍ಯಾಮ್ಸೆಯವರು ಆರ್ಗಾನನ್ನು ಕಂಡುಹಿಡಿದಿದ್ದರು. 1898ರ ಮೇ ತಿಂಗಳ ಕೊನೆಯಲ್ಲಿ ರ್‍ಯಾಮ್ಸೆ ಮತ್ತು ಟ್ರ್ಯಾವರ್ಸರು ದ್ರವರೂಪಕ್ಕೆ ತಂದ ಗಾಳಿಯನ್ನು ಮೆಲ್ಲಗೆ ಆವಿಯಾಗಗೊಟ್ಟು, ತಳದಲ್ಲಿ ಉಳಿದುದನ್ನು ಶೋಧಿಸಿದರು. ಕೆಂಪಗೆ ಕಾಯಿಸಿದ ತಾಮ್ರ ಮತ್ತು ಮೆಗ್ನೀಸಿಯಂ ಅದರ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡವು. ಮಿಕ್ಕ ಅನಿಲವನ್ನು ಗಾಜಿನ ನಳಿಗೆಯಲ್ಲಿ ತುಂಬಿ ವಿದ್ಯುತ್ ಹರಿಸಿದಾಗ, ಯಾವ ಧಾತುವಿನಲ್ಲಿಯೂ ಅದುವರೆಗೆ ಕಾಣದಿದ್ದ ಹಳದಿ ಮತ್ತು ಹಸಿರು ರೇಖೆಗಳು ರೋಹಿತದಲ್ಲಿ ಮೂಡಿದವು. ಅದೇ ಕ್ರಿಪ್ಟಾನ್. ಕೆಲವೇ ವಾರಗಳಲ್ಲಿ ಕಡುಗೆಂಪಾಗಿ ಬೆಳಗಿದ ನಿಯಾನ್, ಬಳಿಕ ಕ್ಸೆನಾನ್ ದೊರೆತವು. ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ ಕ್ರಿಪ್ಟಾನ್ ಇರುವುದು ಸುಮಾರು ಒಂದು ಲೀಟರ್. ಕ್ಸೆನಾನ್ ಅದರ ಹತ್ತನೆಯ ಒಂದು ಭಾಗವೂ ಇಲ್ಲ. ಆಗ ಟ್ರ್ಯಾವರ್ಸರ ವಯಸ್ಸು ಇಪ್ಪತ್ತಾರು.

ಈ ಅನಿಲಗಳು ಯಾವುದರೊಡನೆಯೂ ಕೂಡದ ಜಡಧಾತುಗಳೆಂದು ವರ್ಗೀಕರಿಸಲ್ಪಟ್ಟವು. ಕಾದ ಲೋಹಕ್ಕೆ ಆರ್ಗಾನ್ ರಕ್ಷಣೆಯಾಗುವುದು ಈ ಜಡತ್ವದಿಂದಲೇ. ಆದರೆ ಬಣ್ಣವೂ ವಾಸನೆಯೂ ಇಲ್ಲದ, ಗಾಳಿಗಿಂತ ಭಾರವಾದ ಈ ಅನಿಲ ಮುಚ್ಚಿದ ಟ್ಯಾಂಕಿನ ತಳದಲ್ಲಿ ತುಂಬಿ ಆಮ್ಲಜನಕವನ್ನು ಹೊರದೂಡಿದರೆ, ಒಳಗಿಳಿದವನು ಉಸಿರು ಕಟ್ಟುವ ಸೂಚನೆಯೂ ಸಿಗದೆ ಪ್ರಜ್ಞೆ ತಪ್ಪುತ್ತಾನೆ. ಕಣ್ಣಿಗೆ ಗಾಳಿಯಂತೆಯೇ ಇರುವುದೆಲ್ಲ ಗಾಳಿಯಲ್ಲವೆಂಬುದನ್ನು ಕೆಲಸಕ್ಕೆ ಹೊರಟ ಮಕ್ಕಳಿಗೆ ಮನೆಯಲ್ಲಿಯೇ ಹೇಳಿಕೊಡುವುದು ಲೇಸು.

1900ರಲ್ಲಿ ಜೆ. ಎನ್. ಟಾಟಾರವರ ಆಹ್ವಾನದ ಮೇರೆಗೆ ಭಾರತಕ್ಕೆ ಬಂದ ರ್‍ಯಾಮ್ಸೆಯವರು ಹೊಸ ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದ್ದರು. ಅದನ್ನು ಕಟ್ಟುವ ಹೊಣೆ 1906ರಲ್ಲಿ ಶಿಷ್ಯನ ಹೆಗಲೇರಿತು. ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನಿತ್ತಿತು; 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಅನಿಲಗಳನ್ನು ಬೇರ್ಪಡಿಸಿದಷ್ಟು ಸುಲಭವಾಗಿ ಮನುಷ್ಯರನ್ನು ಒಗ್ಗೂಡಿಸಲು ಅವರಿಂದಾಗಲಿಲ್ಲವೆಂದೇ ನಮಗೆ ತೋರುತ್ತದೆ. ಆಡಳಿತದ ಭಿನ್ನಾಭಿಪ್ರಾಯಗಳ ನಡುವೆ 1914ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ಹಾಗೆಂದು ಅವರು ಹಾಕಿದ ಬುನಾದಿಯನ್ನು ಮರೆಯುವುದು ನ್ಯಾಯವಲ್ಲ.

ವೃದ್ಧಾಪ್ಯದಲ್ಲಿ ಗುರುವಿನ ಜೀವನಚರಿತ್ರೆಯನ್ನು ಬರೆದು 1956ರಲ್ಲಿ ಪ್ರಕಟಿಸಿದ ಟ್ರ್ಯಾವರ್ಸರು, 1961ರ ಆಗಸ್ಟ್ 25ರಂದು ಕಾಲವಾದರು. ಏಳು ತಿಂಗಳು ಕಳೆಯುವಷ್ಟರಲ್ಲಿ, 1962ರ ಮಾರ್ಚಿಯಲ್ಲಿ, ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಎಂಬ ವಿಜ್ಞಾನಿ ಕ್ಸೆನಾನಿನ ಮೊದಲ ಸಂಯುಕ್ತವನ್ನು ತಯಾರಿಸಿದರು.