ರಾಜ್ಯ ಹೋಯಿತು, ಮಸೀದಿ ಉಳಿಯಿತು: ಟಿಪ್ಪು ಪುತ್ರ ಗುಲಾಂ ಮುಹಮ್ಮದ್

ಹೈದರ್ ಅಲಿಯವರ ಏಳಿಗೆಗೆ ದಾರಿಯಾದದ್ದು ಇಂದಿನ ತಮಿಳುನಾಡಿನ ದಿಂಡಿಗಲ್. ಮೈಸೂರು ಸಂಸ್ಥಾನ ಅವರನ್ನು ಅಲ್ಲಿಗೆ ಫೌಜುದಾರರಾಗಿ ಕಳಿಸಿತ್ತು. ಮುಂದೆ ಅವರು ನವಾಬರಾದರು, ಮಗ ಟಿಪ್ಪು ಸುಲ್ತಾನರಾದರು. ಮೊಮ್ಮಗ ಗುಲಾಂ ಮುಹಮ್ಮದ್‌ಗೆ ಸಿಕ್ಕಿದ್ದು ಶಹಝಾದಾ ಅನ್ನೋ ಹೆಸರು ಮಾತ್ರ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವರಿನ್ನೂ ಚಿಕ್ಕ ಮಗು. ಈಸ್ಟ್ ಇಂಡಿಯಾ ಕಂಪೆನಿ ಸುಲ್ತಾನರ ಕುಟುಂಬವನ್ನು ವೆಲ್ಲೂರು ಕೋಟೆಯಲ್ಲಿ ಇರಿಸಿತು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದರು. ಇವರು ಮೈಸೂರಿನ ಹತ್ತಿರ ಇರೋದೇ ಬೇಡ ಅಂತ ಕಂಪೆನಿ ಸುಲ್ತಾನರ ಪುತ್ರರನ್ನು ಕಲ್ಕತ್ತಾಕ್ಕೆ ಸಾಗಿಸಿತು. ಅಲ್ಲಿ ಸೈನ್ಯವಿಲ್ಲ, ಕಂದಾಯವಿಲ್ಲ. ಕಂಪೆನಿ ಕೊಡುವ ಪಿಂಚಣಿಯೇ ಗತಿ.

ಆ ಪಿಂಚಣಿಯಲ್ಲೂ ಬಾಕಿ ಬೆಳೆದಿತ್ತು. 1840ರಲ್ಲಿ ಅದು ಮಂಜೂರಾಯಿತು. ಗುಲಾಂ ಮುಹಮ್ಮದ್ ಧರ್ಮತಲಾದಲ್ಲಿ ಮಸೀದಿ ಕಟ್ಟಿಸಿದರು. 1842ರ ಆ ಮಸೀದಿಗೆ ಇಂದು ಟಿಪ್ಪು ಸುಲ್ತಾನ್ ಮಸೀದಿ ಎಂದೇ ಹೆಸರು. ಟಾಲಿಗಂಜ್‌ನಲ್ಲೂ ಅದೇ ಮಾದರಿಯ ಇನ್ನೊಂದು ಮಸೀದಿ ಎಬ್ಬಿಸಿದರು.

ಧರ್ಮತಲಾದ ಶಿಲಾಫಲಕದಲ್ಲಿ ಅಲ್ಲಾಹನಿಗೆ ಶುಕ್ರ್ ಇದೆ, ಬಾಕಿ ಕೊಟ್ಟ ಕಂಪೆನಿಯ ಸ್ಮರಣೆಯೂ ಇದೆ. ತಂದೆಯ ಜೀವ ತೆಗೆದವರ ನೆನಪು ಮಸೀದಿಯ ಕಲ್ಲಿನಲ್ಲಿ ಇರೋದು ಓದುವವರಿಗೆ ಕಸಿವಿಸಿಯೇ. ಆದರೆ ಅನ್ನದ ಬಟ್ಟಲು ಎದುರಾಳಿಯ ಕೈಯಲ್ಲಿ ಇದ್ದವರ ಕಷ್ಟ ಅದು. ಕೊನೆಗಾಲದಲ್ಲಿ ಬ್ರಿಟಿಷರು ಅವರಿಗೆ ಸರ್ ಬಿರುದನ್ನೂ ಕೊಟ್ಟರು.

ಅವರು 1872ರಲ್ಲಿ ತೀರಿಕೊಂಡರು. ಆಸ್ತಿಯನ್ನು ವಕ್ಫ್ ಮಾಡಿದ್ದರು. ಬಿರುದು ಅವರೊಂದಿಗೇ ಹೋಯಿತು. ಆ ಮಸೀದಿಗಳಲ್ಲಿ ಇಂದಿಗೂ ಐದು ಹೊತ್ತಿನ ನಮಾಝ್ ನಡೆಯುತ್ತಿದೆ.